ನಿಮಗಿದು ಗೊತ್ತೆ? ಪುಟ್ಟ ನಾಯಿಮರಿಗೆ ಶಸ್ತ್ರಚಿಕಿತ್ಸೆ

● ಪೊಮೆರೇನಿಯನ್, ಪಗ್‌ನಂಥ ಸಣ್ಣ ತಳಿಯ ಹೆಣ್ಣು ಮರಿಗಳಿಗೆ 5–6 ತಿಂಗಳಲ್ಲಿ, ಮೊದಲ ಬೆದೆಗೆ ಮುನ್ನವೇ ಸಂತಾನಹರಣ ಚಿಕಿತ್ಸೆ ಮಾಡಿಸಬಹುದು. ಗರ್ಭಕೋಶದಲ್ಲಿ ಕೀವು ತುಂಬುವ ಪ್ರಾಣಾಂತಿಕ ರೋಗ ತಪ್ಪುತ್ತದೆ. ಮೊಲೆಯ ಗಡ್ಡೆಯ ಅಪಾಯ ಬಹಳ ತಗ್ಗುತ್ತದೆ.

● ಪುಟ್ಟ ಮರಿಯನ್ನು ರಾತ್ರಿಯಿಡೀ ಉಪವಾಸ ಕೆಡವಿದರೆ ರಕ್ತದ ಸಕ್ಕರೆ ಕುಸಿಯಬಹುದು. ಕೊನೆಯ ಊಟ ಎಷ್ಟು ಗಂಟೆಗೆ, ನೀರು ಎಲ್ಲಿಯವರೆಗೆ ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ.

● ಅರಿವಳಿಕೆಯ ಪ್ರಮಾಣ ತೂಕದ ಮೇಲೆ ನಿಂತಿದೆ. ಅಂದಾಜು ಹೇಳಬೇಡಿ, ಅಂದೇ ತೂಗಿಸಿ. ಪಗ್‌ನಂಥ ಚಪ್ಪಟೆ ಮೂತಿಯ ಮರಿಗಳ ಉಸಿರಾಟಕ್ಕೆ ವಿಶೇಷ ನಿಗಾ ಬೇಕು.

● ಉಣ್ಣೆ ಕಚ್ಚಿ ಹರಡುವ ಜ್ವರದಿಂದ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗುತ್ತವೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತಪರೀಕ್ಷೆ ಮಾಡಿಸಿ. ರೇಬೀಸ್ ಸೇರಿ ಲಸಿಕೆಗಳು, ಜಂತುನಾಶಕ ಮೊದಲೇ ಆಗಿರಲಿ.

● ಉದುರದೆ ಉಳಿದ ಹಾಲುಹಲ್ಲು, ಹೊಕ್ಕುಳ ಹರ್ನಿಯಾ ಇದ್ದರೆ ಅದೇ ಅರಿವಳಿಕೆಯಲ್ಲಿ ಸರಿಪಡಿಸಬಹುದು.

● ಸಾಲೋಟಗಿಯಂಥ ಊರಿಂದ ಚಿಕಿತ್ಸೆಗೆ ಇಂಡಿ ಪಟ್ಟಣಕ್ಕೋ ವಿಜಯಪುರಕ್ಕೋ ಹೋಗುವವರು ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಹೊರಡಿ. ಆದರೆ ಅರಿವಳಿಕೆಯ ನಂತರ ಸಣ್ಣ ಮೈ ಬೇಗ ತಣ್ಣಗಾಗುತ್ತದೆ. ಹೊದೆಸಲು ಒಂದು ಒಣ ಬಟ್ಟೆ ಜೊತೆಗಿರಲಿ.

● ಮನೆಗೆ ಬಂದ ಮೇಲೆ 10–14 ದಿನ ಸ್ನಾನ, ಜಿಗಿದಾಟ ಬೇಡ. ಹೊಲಿಗೆ ನೆಕ್ಕದಂತೆ ಶಂಕುವಿನಾಕಾರದ ಕೊರಳಪಟ್ಟಿ ಹಾಕಿ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ. ಒಸಡು ಬಿಳಿಚಿದರೆ, ಗಾಯ ಊದಿದರೆ, ಮರಿ ಏಳಲಾರದಾದರೆ ತಡಮಾಡದೆ ವೈದ್ಯರ ಬಳಿ ಒಯ್ಯಿರಿ.