ಸೈರನ್ ಇಲ್ಲದೆ ಬರುವ ಗಾಡಿ

1987ರ ಸೆಪ್ಟೆಂಬರ್ ತಿಂಗಳು. ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದ ಬಡವರ ಬಡಾವಣೆಯೊಂದರಿಂದ ಒಬ್ಬ ತಾಯಿ 911ಕ್ಕೆ ಫೋನ್ ಮಾಡಿದಳು. ಇಪ್ಪತ್ತೇಳರ ಮಗ ಚಾಕು ಹಿಡಿದು ತನ್ನ ಮೈಯನ್ನೇ ಕೊಯ್ದುಕೊಳ್ಳುತ್ತಿದ್ದ. ಮಾನಸಿಕ ಕಾಯಿಲೆ ಅವನಿಗೆ ಹೊಸದೇನಲ್ಲ. ಪೊಲೀಸರು ಬಂದರು, ಚಾಕು ಬಿಸಾಡು ಎಂದು ಕೂಗಿದರು. ಅವನು ಬಿಸಾಡಲಿಲ್ಲ. ಗುಂಡುಗಳು ಹಾರಿದವು. ಮಗನನ್ನು ಉಳಿಸಿಕೊಡಿ ಎಂದು ತಾಯಿ ಯಾರನ್ನು ಕರೆದಿದ್ದಳೋ ಅವರ ಕೈಯಲ್ಲೇ ಮಗ ಸತ್ತ.

ಸತ್ತವನು ಕಪ್ಪು ಯುವಕ, ಗುಂಡು ಹಾರಿಸಿದವರು ಬಿಳಿಯರು. ಊರು ಕುದಿಯಿತು. ಮೇಯರ್ ಒಂದು ಕಾರ್ಯತಂಡ ಕಟ್ಟಿದರು. ಪೊಲೀಸ್ ಅಧಿಕಾರಿಗಳು, ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರಜ್ಞರು ಅದರಲ್ಲಿದ್ದರು. ಅವರ ಜೊತೆಗೆ ಕುಳಿತವರು ಮನೋರೋಗಿಗಳ ಕುಟುಂಬದವರ ಸಂಘಟನೆಯಾದ ‘ನಾಮಿ’ಯ ಸದಸ್ಯರು, ಅಂಥ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ರಾತ್ರಿಗಳನ್ನು ಕಳೆದಿದ್ದ ಅಪ್ಪ ಅಮ್ಮಂದಿರು. ಮರುವರ್ಷ, 1988ರಲ್ಲಿ, ಪೊಲೀಸ್ ಅಧಿಕಾರಿ ಸ್ಯಾಮ್ ಕಾಕ್ರನ್ ಮತ್ತು ಮನಶ್ಶಾಸ್ತ್ರಜ್ಞ ರ್‍ಯಾಂಡಾಲ್ಫ್ ಡುಪಾಂಟ್ ಅವರ ಮುಂದಾಳತ್ವದಲ್ಲಿ ‘ಕ್ರೈಸಿಸ್ ಇಂಟರ್ವೆನ್ಷನ್ ಟೀಮ್’ ಹುಟ್ಟಿಕೊಂಡಿತು. ಚಿಕ್ಕದಾಗಿ ಸಿಐಟಿ. ಇಂದು ಅಮೆರಿಕದ ಸಾವಿರಾರು ಪೊಲೀಸ್ ಇಲಾಖೆಗಳಲ್ಲಿರುವ ಈ ಪದ್ಧತಿಗೆ ‘ಮೆಂಫಿಸ್ ಮಾದರಿ’ ಎಂಬ ಹೆಸರೇ ಬಿದ್ದಿದೆ.

ಮಾದರಿ ಸರಳವಾದದ್ದು. ಗಸ್ತು ತಿರುಗುವ ಪೊಲೀಸರಲ್ಲಿ ಈ ಕೆಲಸಕ್ಕೆ ತಾವಾಗಿ ಮುಂದೆ ಬಂದವರನ್ನು ಆರಿಸಿ 40 ಗಂಟೆಗಳ ತರಬೇತಿ ಕೊಡುತ್ತಾರೆ. ಸ್ಕಿಜೋಫ್ರೇನಿಯ ಅಂದರೇನು, ಬೈಪೋಲಾರ್ ಅಂದರೇನು, ಯಾವ ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ ಎಂಬ ಪಾಠಗಳಿರುತ್ತವೆ. ಕಾಯಿಲೆಯಿಂದ ಚೇತರಿಸಿಕೊಂಡವರೇ ಬಂದು ತಮ್ಮ ಕಥೆ ಹೇಳುತ್ತಾರೆ. ಅನೇಕ ಕಡೆ ಇನ್ನೊಂದು ಅಭ್ಯಾಸವೂ ಉಂಟು. ಪೊಲೀಸರ ಕಿವಿಗೆ ಹೆಡ್‌ಫೋನ್ ಹಾಕಿಸುತ್ತಾರೆ. ಅದರೊಳಗೆ ಪಿಸುಗುಟ್ಟುವ, ಬೈಯುವ, ಹೆದರಿಸುವ ದನಿಗಳು ಬಿಡದೆ ಕೇಳುತ್ತಿರುತ್ತವೆ. ಆ ಗದ್ದಲದ ನಡುವೆ ಎದುರಿಗೆ ಕುಳಿತವರ ಸಾದಾ ಪ್ರಶ್ನೆಗಳಿಗೆ ಉತ್ತರ ಕೊಡಬೇಕು, ಕೊಟ್ಟ ಕೆಲಸ ಮುಗಿಸಬೇಕು.

ಆ ಹೆಡ್‌ಫೋನ್ ಹಾಕಿಕೊಂಡವರಿಗೆ ಒಂದು ಸಂಗತಿ ಪಾಠವಿಲ್ಲದೇ ತಿಳಿಯುತ್ತದೆ. ತಲೆಯೊಳಗೆ ಹತ್ತು ದನಿಗಳು ಆಜ್ಞೆ ಮಾಡುತ್ತಿರುವವನಿಗೆ ಪೊಲೀಸನ ಕೂಗು ಹನ್ನೊಂದನೆಯ ದನಿ. ‘ಕೈ ಮೇಲೆತ್ತು’, ‘ಚಾಕು ಬಿಸಾಡು’ ಎಂಬ ಮಾತು ಅವನಿಗೆ ಕೇಳಿಸಿ, ಅರ್ಥವಾಗಿ, ಕೈ ಅಲ್ಲಾಡುವುದಕ್ಕೆ ಬೇಕಾದ ಸಮಯ ನಮಗೆ ನಿಮಗೆ ಬೇಕಾಗುವುದಕ್ಕಿಂತ ಹೆಚ್ಚು. ಸಾಮಾನ್ಯ ಪೊಲೀಸ್ ತರಬೇತಿ ಕಲಿಸುವುದು ಇದಕ್ಕೆ ತದ್ವಿರುದ್ಧ: ದನಿ ಏರಿಸು, ಹತ್ತಿರ ಹೋಗು, ಬೇಗ ಹತೋಟಿಗೆ ತಗೋ. ಕಳ್ಳನ ಮುಂದೆ ಉಪಯೋಗಕ್ಕೆ ಬರುವ ಈ ವಿದ್ಯೆ ರೋಗಿಯ ಮುಂದೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಸಿಐಟಿಯಲ್ಲಿ ಕಲಿಸುವುದು ದೂರ ನಿಲ್ಲುವುದನ್ನು, ಒಬ್ಬರೇ ಮಾತಾಡುವುದನ್ನು, ಹೆಸರು ಹಿಡಿದು ಕರೆಯುವುದನ್ನು, ಉತ್ತರಕ್ಕೆ ಕಾಯುವುದನ್ನು.

ಮೆಂಫಿಸ್ ಅಂದ ಕೂಡಲೇ ಎಲ್ಲರೂ ಹೇಳುವುದು ಈ 40 ಗಂಟೆಗಳ ಬಗ್ಗೆ. ಆದರೆ ಅಲ್ಲಿ ಮಾಡಿದ ಇನ್ನೊಂದು ಏರ್ಪಾಡು ಇದಕ್ಕಿಂತ ದೊಡ್ಡದು. ಊರಿನ ಸಾರ್ವಜನಿಕ ಆಸ್ಪತ್ರೆಯ ಮನೋವೈದ್ಯಕೀಯ ತುರ್ತು ವಿಭಾಗ ಒಂದು ಮಾತು ಕೊಟ್ಟಿತು: ಪೊಲೀಸರು ಕರೆತಂದ ಯಾರನ್ನೂ ವಾಪಸ್ ಕಳಿಸುವುದಿಲ್ಲ. ‘ಹಾಸಿಗೆ ಖಾಲಿ ಇಲ್ಲ’, ‘ಕುಡಿದಿದ್ದಾನೆ, ಇಳಿದ ಮೇಲೆ ಬನ್ನಿ’, ‘ಮೊದಲು ಇನ್ನೊಂದು ಆಸ್ಪತ್ರೆಯಲ್ಲಿ ತೋರಿಸಿ’ ಎಂಬ ಮಾತುಗಳಿಲ್ಲ. ಅರ್ಧ ಗಂಟೆಯೊಳಗೇ ಪೊಲೀಸ್ ತನ್ನ ಗಸ್ತಿಗೆ ಮರಳಬಹುದು. ಒಬ್ಬ ರೋಗಿಯ ಪಕ್ಕದಲ್ಲಿ ಎಂಟು ಗಂಟೆ ಆಸ್ಪತ್ರೆಯ ಬೆಂಚಿನ ಮೇಲೆ ಕೂರಬೇಕಾದ ಪೊಲೀಸ್ ಏನು ಮಾಡುತ್ತಾನೆ? ಏನೋ ಒಂದು ಸೆಕ್ಷನ್ ಹಾಕಿ ಜೈಲಿಗೆ ಒಯ್ದು ಬಿಡುತ್ತಾನೆ. ಅಲ್ಲಿ ಹತ್ತು ನಿಮಿಷದ ಕೆಲಸ. ದಯೆ ಇಲ್ಲದವನು ಮಾತ್ರ ಹೀಗೆ ಮಾಡುತ್ತಾನೆಂದಲ್ಲ. ಆಸ್ಪತ್ರೆಯ ಬಾಗಿಲು ಜೈಲಿನ ಬಾಗಿಲಿಗಿಂತ ಸುಲಭವಾಗಿ ತೆರೆಯದಿದ್ದರೆ ಒಳ್ಳೆಯ ಪೊಲೀಸನೂ ಕೊನೆಗೆ ಜೈಲಿನ ದಾರಿಯನ್ನೇ ಹಿಡಿಯುತ್ತಾನೆ. ಸಿಐಟಿಯನ್ನು ನಕಲು ಮಾಡಿದ ಅನೇಕ ಊರುಗಳು ತರಬೇತಿಯನ್ನು ತಂದವು, ಈ ಬಾಗಿಲನ್ನು ಮಾತ್ರ ತರಲಿಲ್ಲ. ತರಬೇತಿಯಿಂದ ಪೊಲೀಸರ ತಿಳಿವಳಿಕೆ, ಧೋರಣೆ ಸುಧಾರಿಸುತ್ತದೆ ಎಂದು ಅಧ್ಯಯನಗಳು ಖಚಿತವಾಗಿ ಹೇಳುತ್ತವೆ. ಬಂಧನ, ಬಲಪ್ರಯೋಗ ಕಡಿಮೆಯಾಯಿತೇ ಎಂಬಲ್ಲಿ ಅವುಗಳ ಉತ್ತರ ಅಷ್ಟು ಗಟ್ಟಿಯಾಗಿಲ್ಲ.

ಪೊಲೀಸರಿಗೆ ವೈದ್ಯ ಕಲಿಸುವ ಬದಲು ವೈದ್ಯರನ್ನೇ ಗಾಡಿಯಲ್ಲಿ ಕೂರಿಸಿಕೊಂಡರೆ? ಕೆನಡಾದ ವ್ಯಾಂಕೂವರ್ ಇದನ್ನು ಮೆಂಫಿಸ್‌ಗಿಂತ ಮೊದಲೇ, 1970ರ ದಶಕದಲ್ಲೇ ಶುರುಮಾಡಿತ್ತು. ಅಲ್ಲಿನ ‘ಕಾರ್ 87’ರಲ್ಲಿ ಒಬ್ಬ ಪೊಲೀಸ್, ಪಕ್ಕದಲ್ಲಿ ಒಬ್ಬ ಮನೋವೈದ್ಯಕೀಯ ನರ್ಸ್. ಲಾಸ್ ಏಂಜಲೀಸ್ ಪೊಲೀಸರು 1993ರಲ್ಲಿ ‘ಸ್ಮಾರ್ಟ್’ ಎಂಬ ಜೋಡಿ ತಂಡಗಳನ್ನು ಕಟ್ಟಿದರು. ಬ್ರಿಟನ್ 2013ರ ಹೊತ್ತಿಗೆ ‘ಸ್ಟ್ರೀಟ್ ಟ್ರಯಾಜ್’ ಹೆಸರಿನಲ್ಲಿ ಒಂಬತ್ತು ಪೊಲೀಸ್ ಪಡೆಗಳಲ್ಲಿ ಪ್ರಯೋಗಕ್ಕೆ ಸರ್ಕಾರದ ಹಣ ಕೊಟ್ಟಿತು.

ಇಂಥ ಜೋಡಿ ಕೆಲಸ ಮಾಡುವ ಬಗೆ ನೋಡಲು ಸಪ್ಪೆ. ಸೈರನ್, ಮಿನುಗುವ ದೀಪ ಎರಡನ್ನೂ ಆರಿಸಿ ಗಾಡಿಯನ್ನು ಮನೆಯಿಂದ ಕೊಂಚ ದೂರದಲ್ಲೇ ನಿಲ್ಲಿಸುತ್ತಾರೆ. ಪೊಲೀಸ್ ಮೊದಲು ಹೋಗಿ ಆಯುಧವೇನಾದರೂ ಇದೆಯೇ ನೋಡುತ್ತಾನೆ. ಇಲ್ಲವೆಂದಾದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಆಮೇಲಿನದು ನರ್ಸಿನ ಕೆಲಸ. ನಿದ್ದೆ ಮಾಡಿ ಎಷ್ಟು ದಿನವಾಯಿತು, ಏನಾದರೂ ತಿಂದಿದ್ದೀಯಾ, ಮಾತ್ರೆ ಯಾವಾಗ ಬಿಟ್ಟೆ, ದನಿಗಳು ಏನು ಮಾಡು ಅನ್ನುತ್ತಿವೆ ಎಂಬ ಪ್ರಶ್ನೆಗಳು. ನಮ್ಮ ಹಳ್ಳಿಗಳಲ್ಲಿ ಮಾತಿಗೆ ಮೊದಲು ‘ಊಟ ಆಯ್ತಾ’ ಎಂದು ಕೇಳುವುದರಲ್ಲಿ ಇರುವ ವಿವೇಕವನ್ನೇ ಅವರು ವೃತ್ತಿಯಾಗಿ ಕಲಿತಿರುತ್ತಾರೆ. ನರ್ಸಿಗೆ ಇನ್ನೊಂದು ಅನುಕೂಲವಿದೆ. ಆ ವ್ಯಕ್ತಿಯ ಹಿಂದಿನ ಚಿಕಿತ್ಸೆಯ ದಾಖಲೆಯನ್ನು ಪೊಲೀಸ್ ನೋಡುವಂತಿಲ್ಲ, ನರ್ಸ್ ನೋಡಬಹುದು. ಯಾವ ವೈದ್ಯರ ಕೈಯಲ್ಲಿದ್ದಾನೆ, ಹೋದ ಸಲ ಹೀಗಾದಾಗ ಯಾವುದರಿಂದ ಶಾಂತನಾದ ಎಂಬುದು ಬಾಗಿಲು ತಟ್ಟುವ ಮೊದಲೇ ಗೊತ್ತಿದ್ದರೆ, ಎಷ್ಟೋ ಸಲ ಆಸ್ಪತ್ರೆಯ ಪ್ರಯಾಣವೇ ಬೇಕಾಗುವುದಿಲ್ಲ.

ಪೊಲೀಸ್ ಬರಲೇಬೇಕೆ ಎಂಬ ಪ್ರಶ್ನೆಯನ್ನು ಅಮೆರಿಕದ ಆರೆಗಾನ್ ರಾಜ್ಯದ ಯೂಜೀನ್ ಎಂಬ ನಡುಗಾತ್ರದ ಊರು 1989ರಲ್ಲೇ ಕೇಳಿತ್ತು. ಅಲ್ಲಿನ ವೈಟ್ ಬರ್ಡ್ ಎಂಬ ಚಿಕಿತ್ಸಾಲಯ ‘ಕಹೂಟ್ಸ್’ ಎಂಬ ಸೇವೆ ಆರಂಭಿಸಿತು. ಒಂದು ವ್ಯಾನು, ಅದರಲ್ಲಿ ವೈದ್ಯಕೀಯ ತರಬೇತಿ ಇರುವ ಒಬ್ಬರು, ಆಪ್ತಸಮಾಲೋಚನೆ ಬಲ್ಲ ಒಬ್ಬರು. ಸಮವಸ್ತ್ರವಿಲ್ಲ, ಆಯುಧವಿಲ್ಲ, ಬಂಧಿಸುವ ಅಧಿಕಾರವಿಲ್ಲ. ತುರ್ತು ಕರೆಗಳನ್ನು ಸ್ವೀಕರಿಸುವ ಕಂಟ್ರೋಲ್ ರೂಮೇ ಪೊಲೀಸ್ ಬೇಕೋ ಕಹೂಟ್ಸ್ ಸಾಕೋ ಎಂದು ತೀರ್ಮಾನಿಸಿ ಗಾಡಿ ಕಳಿಸುತ್ತಿತ್ತು. 2019ರಲ್ಲಿ ಸುಮಾರು 24,000 ಕರೆಗಳಿಗೆ ಈ ವ್ಯಾನುಗಳು ಓಡಿದವು. ಪೊಲೀಸ್ ನೆರವು ಕೋರಬೇಕಾಗಿ ಬಂದದ್ದು ನೂರಕ್ಕೆ ಎರಡಕ್ಕೂ ಕಡಿಮೆ ಸಲ. ಇವುಗಳಲ್ಲಿ ಬಹಳಷ್ಟು ಕರೆಗಳಿಗೆ ಪೊಲೀಸರು ಮೊದಲೂ ಹೋಗುತ್ತಿರಲಿಲ್ಲ ಎಂದು ಅಲ್ಲಿನ ಪೊಲೀಸ್ ಇಲಾಖೆ ತನ್ನ ಲೆಕ್ಕ ಮುಂದಿಟ್ಟಿತು. ಅದು ನ್ಯಾಯವಾದ ಆಕ್ಷೇಪವೇ. ಹಾಗಿದ್ದರೂ ಚಳಿಯಲ್ಲಿ ರಸ್ತೆಬದಿ ಮಲಗಿದವನ ಹುಣ್ಣಿಗೆ ಪಟ್ಟಿ ಕಟ್ಟಿ, ತಂಗುದಾಣಕ್ಕೆ ಬಿಟ್ಟು ಬರುವ ಕೆಲಸವನ್ನು ಯಾರಾದರೂ ಮಾಡಬೇಕಿತ್ತು, ಇವರು ಮಾಡಿದರು.

2020ರ ಜೂನ್‌ನಲ್ಲಿ ಕೊಲರಾಡೊದ ಡೆನ್ವರ್ ನಗರ ಇದೇ ಜಾಡಿನಲ್ಲಿ ‘ಸ್ಟಾರ್’ ವ್ಯಾನನ್ನು ರಸ್ತೆಗಿಳಿಸಿತು. ಮೊದಲ ಆರು ತಿಂಗಳಲ್ಲಿ 748 ಕರೆಗಳು, ಒಂದೂ ಬಂಧನವಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಸೇವೆ ಇದ್ದ ಪ್ರದೇಶಗಳಲ್ಲಿ ಅತಿಕ್ರಮ ಪ್ರವೇಶ, ಸಾರ್ವಜನಿಕ ಶಾಂತಿಭಂಗದಂಥ ಸಣ್ಣ ಅಪರಾಧಗಳ ವರದಿ ಶೇಕಡ 34ರಷ್ಟು ಇಳಿಯಿತು. ಗಂಭೀರ ಅಪರಾಧ ಹೆಚ್ಚಿದ ಸುಳಿವು ಸಿಗಲಿಲ್ಲ. ಡೆನ್ವರ್‌ನಲ್ಲಿ ಪೊಲೀಸ್ ಮತ್ತು ಆಪ್ತಸಮಾಲೋಚಕರ ಜೋಡಿ ತಂಡಗಳೂ ಇವೆ. ಕೈಯಲ್ಲಿ ಆಯುಧವಿದ್ದರೆ ಜೋಡಿ ತಂಡ, ಇಲ್ಲದಿದ್ದರೆ ಸ್ಟಾರ್ ಎಂಬ ಹಂಚಿಕೆ ವಿವೇಕದ್ದೆಂದು ತೋರುತ್ತದೆ; ಎಲ್ಲ ಕರೆಗೂ ಒಂದೇ ಗಾಡಿ ಸಲ್ಲದು.

ಇಷ್ಟು ಹೆಸರು ಮಾಡಿದ ಯೂಜೀನ್‌ನ ವ್ಯಾನುಗಳು ಈಗ ಆ ಊರಲ್ಲಿ ಓಡುತ್ತಿಲ್ಲ. ಸಂಸ್ಥೆಯ ಹಣದ ಮುಗ್ಗಟ್ಟಿನಲ್ಲಿ 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸೇವೆ ನಿಂತಿತು. ಮೂವತ್ತೈದು ವರ್ಷ ಊರಿನ ಅಂಗವೇ ಆಗಿದ್ದ, ದೇಶವೆಲ್ಲ ಬಂದು ನೋಡಿಹೋದ ವ್ಯವಸ್ಥೆಯೊಂದು ಹೀಗೆ ಕೊನೆಯಾದದ್ದು ಸಂಕಟದ ವಿಷಯ. ಬೆಂಕಿ ಆರಿಸುವ ಇಲಾಖೆಗೆ ಈ ವರ್ಷ ಹಣವಿಲ್ಲ ಎಂದು ಯಾವ ಊರೂ ಹೇಳುವುದಿಲ್ಲ. ಮನಸ್ಸು ಹೊತ್ತಿ ಉರಿಯುವಾಗ ಓಡಿಬರುವ ಗಾಡಿಗೆ ಆ ಸ್ಥಾನ ಇನ್ನೂ ಸಿಕ್ಕಿಲ್ಲ. ಬ್ರಿಟನ್ನಿನಲ್ಲಿ ಬೇರೊಂದು ತಿರುವು ಬಂದಿದೆ. ಹಂಬರ್‌ಸೈಡ್ ಪೊಲೀಸರು 2020ರಲ್ಲಿ, ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು 2023ರಲ್ಲಿ, ಜೀವಕ್ಕೆ ಅಪಾಯವಿಲ್ಲದ ಮಾನಸಿಕ ಆರೋಗ್ಯದ ಕರೆಗಳಿಂದ ಹಿಂದೆ ಸರಿದರು. ಸರಿಯಾದ ವ್ಯಕ್ತಿಯಿಂದ ಸರಿಯಾದ ಆರೈಕೆ ಸಿಗಲಿ ಎಂಬುದು ಅದರ ಘೋಷಣೆ. ತತ್ತ್ವ ಒಪ್ಪುವಂಥದ್ದೇ. ಆದರೆ ಪೊಲೀಸ್ ಬಿಟ್ಟ ಜಾಗಕ್ಕೆ ನರ್ಸ್ ಬಂದು ನಿಲ್ಲುವವರೆಗೆ ಅಲ್ಲಿ ಯಾರಿರುತ್ತಾರೆ ಎಂಬ ಆತಂಕವನ್ನು ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆಗಳು ಆಗಲೇ ಹೇಳಿದವು.

ನಮ್ಮಲ್ಲಿ ಕಾನೂನು ದೂರ ಬಂದಿದೆ. 1912ರ ಹುಚ್ಚರ ಕಾಯ್ದೆ ಮತ್ತು ಅದರ ಜಾಗಕ್ಕೆ ಬಂದ 1987ರ ಕಾಯ್ದೆ, ಬೀದಿಯಲ್ಲಿ ಅಲೆಯುವ ರೋಗಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವಂತೆ ಪೊಲೀಸರಿಗೆ ಹೇಳುತ್ತಿದ್ದವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ದಿಕ್ಕನ್ನೇ ಬದಲಿಸಿತು. ತಮ್ಮ ಆರೈಕೆ ತಾವು ಮಾಡಿಕೊಳ್ಳಲಾರದೆ ಅಲೆಯುವವರನ್ನು, ಕಾಯಿಲೆಯಿಂದಾಗಿ ತಮಗೋ ಇತರರಿಗೋ ಅಪಾಯ ತರಬಹುದಾದವರನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು. ಏಕೆ ಕರೆದೊಯ್ಯುತ್ತಿದ್ದೇವೆ ಎಂದು ಅವರಿಗೇ ತಿಳಿಸಬೇಕು. 24 ಗಂಟೆ ಮೀರದಂತೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಮಠ ಇಲ್ಲದವರಾದರೆ ಕಾಣೆಯಾದವರ ದೂರು ದಾಖಲಿಸಿ ಕುಟುಂಬವನ್ನು ಹುಡುಕಬೇಕು. ಇದೇ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ.

ಕಾಯ್ದೆ ರಾತ್ರಿ ಎರಡು ಗಂಟೆಗೆ ಯಾರನ್ನು ಕಳಿಸುತ್ತದೆ? ಹೊಯ್ಸಳ ಗಾಡಿಯಲ್ಲಿ ಬರುವ ಎಎಸ್‌ಐಯನ್ನು, ಕಾನ್‌ಸ್ಟೆಬಲ್‌ನನ್ನು. ಪಕ್ಕದಲ್ಲಿ ನರ್ಸ್ ಇರಬೇಕೆಂದು ಕಾಯ್ದೆ ಹೇಳಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇಕಡ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಚಿಕಿತ್ಸೆ ಸಿಗದವರ ಮನೆಗಳಲ್ಲೇ ಇಂಥ ರಾತ್ರಿಗಳು ಬರುವುದು ಹೆಚ್ಚು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮನಸ್ ಸಹಾಯವಾಣಿ, 14416, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುತ್ತದೆ; ಅದಕ್ಕೂ ನಿಮ್ಹಾನ್ಸೇ ಆಧಾರ. ಅಲ್ಲಿ ಫೋನೆತ್ತುವವರಿಗೆ ಮನಸ್ಸಿನ ಕಾಯಿಲೆ ಗೊತ್ತು, ಕಳಿಸಲು ಗಾಡಿ ಇಲ್ಲ. ತುರ್ತು ಸಂಖ್ಯೆ 112ರಲ್ಲಿ ಗಾಡಿ ಇದೆ. ಅಮೆರಿಕಕ್ಕೂ ಇದೇ ತೊಡಕು. 2022ರ ಜುಲೈಯಲ್ಲಿ ಶುರುವಾದ ಮಾನಸಿಕ ಸಂಕಟದ ಸಹಾಯವಾಣಿ 988 ಒಂದು ಕಡೆ, ಹಳೆಯ 911 ಇನ್ನೊಂದು ಕಡೆ. ಒಂದಕ್ಕೆ ಬಂದ ಕರೆಯನ್ನು ಇನ್ನೊಂದಕ್ಕೆ ದಾಟಿಸುವ ಕೊಂಡಿಯನ್ನು ಅಲ್ಲಿನ ನಗರಗಳು ಒಂದೊಂದಾಗಿ ಬೆಸೆಯುತ್ತಿವೆ.

ಸಿಐಟಿ ಇರುವ ಊರುಗಳಲ್ಲಿ ನಾಮಿ ಸಂಘಟನೆ ಮನೆಮಂದಿಗೆ ಒಂದು ಸಣ್ಣ ಪಾಠ ಹೇಳಿಕೊಡುತ್ತದೆ. ಫೋನ್ ಎತ್ತಿದೊಡನೆ ‘ಸಿಐಟಿ ಅಧಿಕಾರಿಯನ್ನು ಕಳಿಸಿ’ ಎಂದು ಹೆಸರಿಟ್ಟು ಕೇಳಬೇಕು. ನಮ್ಮ 112ಕ್ಕೆ ಹಾಗೆ ಕೇಳಲು ಇನ್ನೂ ಹೆಸರೊಂದಿಲ್ಲ. ಆದರೆ ಅವರು ಕಲಿಸುವ ಉಳಿದ ಮಾತುಗಳನ್ನು ಇಲ್ಲಿಂದಲೂ ಹೇಳಬಹುದು: ಇದು ಅಪರಾಧವಲ್ಲ, ಕಾಯಿಲೆ. ಕಾಯಿಲೆಯ ಹೆಸರು ಇದು, ಮಾತ್ರೆ ನಿಲ್ಲಿಸಿ ಇಷ್ಟು ದಿನವಾಯಿತು. ಕೈಯಲ್ಲಿ ಆಯುಧ ಇದೆ, ಅಥವಾ ಇಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ. ಅವನಿಗೆ ಸದ್ದು ಕಂಡರೆ ಭಯ, ದಯವಿಟ್ಟು ಸೈರನ್ ಹಾಕದೆ ಬನ್ನಿ, ನಾನು ಬೀದಿಯ ತುದಿಯಲ್ಲಿ ನಿಂತಿರುತ್ತೇನೆ.