ಗೊರಕೆಯೂ ಪಾರ್ಶ್ವವಾಯುವೂ

ಗೊರಕೆಯನ್ನು ಗಾಢನಿದ್ರೆಯ ಗುರುತೆಂದು ಎಣಿಸುವುದು ನಮ್ಮ ಮನೆಗಳಲ್ಲಿ ವಾಡಿಕೆ. ಗೊರಕೆ ಹೊಡೆಯುವವರನ್ನು ಕುಂಭಕರ್ಣನಿಗೆ ಹೋಲಿಸಿ, ನಕ್ಕು ಸುಮ್ಮನಾಗುತ್ತೇವೆ. ಆದರೆ ಭೋರೆಂದು ಸಾಗುತ್ತಿದ್ದ ಗೊರಕೆಯು ಥಟ್ಟನೆ ನಿಂತು, ಕೆಲವು ಕ್ಷಣ ಉಸಿರೇ ಕೇಳಿಸದೆ, ಬಳಿಕ ಮುಳುಗಿದವನು ನೀರಿನಿಂದ ತಲೆಯೆತ್ತಿದಂತೆ ಏದುಸಿರಿನೊಡನೆ ಮರಳಿ ತೊಡಗುವುದಾದರೆ, ಅದು ನಗುವ ವಿಷಯವಲ್ಲ. ವೈದ್ಯರು ಇದನ್ನು ಸ್ಲೀಪ್ ಆಪ್ನಿಯಾ ಎನ್ನುವರು.

ನಿದ್ರೆಯಲ್ಲಿ ಗಂಟಲಿನ ಮಾಂಸಖಂಡಗಳು ಸಡಿಲವಾಗುವುವು. ಸ್ಥೂಲಶರೀರಿಗಳಲ್ಲಿಯೂ ಗಂಟಲು ಕಿರಿದಾದವರಲ್ಲಿಯೂ ಆಗ ಉಸಿರಿನ ದಾರಿಯೇ ಮುಚ್ಚಿಹೋಗುವುದುಂಟು. ಉಸಿರು ನಿಲ್ಲುವುದೂ ತೀರ ಕುಗ್ಗುವುದೂ ಸೇರಿ ಗಂಟೆಗೆ 30 ಸಲಕ್ಕೆ ಮುಟ್ಟಿದರೆ ರೋಗವು ತೀವ್ರವೆಂದು ಗಣನೆ. ಹಾಗಾದಾಗಲೆಲ್ಲ ರಕ್ತದಲ್ಲಿ ಆಮ್ಲಜನಕವು ಇಳಿಯುವುದು, ರಕ್ತದೊತ್ತಡವು ಏರುವುದು. ಇರುಳಿನಲ್ಲಿ ತಗ್ಗಬೇಕಾದ ಒತ್ತಡವು ಹೀಗೆ ಮತ್ತೆ ಮತ್ತೆ ನೆಗೆಯುತ್ತಿದ್ದರೆ, ಕಾಲಕ್ರಮದಲ್ಲಿ ಹಗಲಿನಲ್ಲಿಯೂ ಏರಿಯೇ ನಿಲ್ಲಬಹುದು. ಮೆದುಳಿನ ರಕ್ತನಾಳಗಳು ಕೆಡುವುವು. ಕೆಲವರಲ್ಲಿ ಹೃದಯದ ಲಯವು ತಪ್ಪಿ, ಅಲ್ಲಿ ಹೆಪ್ಪುಗಟ್ಟಿದ ರಕ್ತವು ಮೆದುಳಿನ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳುವುದೂ ಉಂಟು. ಪಾರ್ಶ್ವವಾಯುವಿಗೆ ಇವೆರಡೂ ದಾರಿ.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವೈದ್ಯರು 1,022 ಮಂದಿಯನ್ನು ಕೆಲವು ವರ್ಷ ಗಮನಿಸಿ, 2005ರಲ್ಲಿ ವರದಿಯನ್ನು ಪ್ರಕಟಿಸಿದರು. ವಯಸ್ಸು, ರಕ್ತದೊತ್ತಡ, ಮಧುಮೇಹ ಮೊದಲಾದವನ್ನು ಲೆಕ್ಕಕ್ಕೆ ಹಿಡಿದ ಮೇಲೆಯೂ ಈ ರೋಗವುಳ್ಳವರಲ್ಲಿ ಪಾರ್ಶ್ವವಾಯುವಿನ ಇಲ್ಲವೆ ಮರಣದ ಸಂಭವವು ಸುಮಾರು ಇಮ್ಮಡಿಯಾಗಿತ್ತು.

ಮೂಗಿಗೆ ಮುಖವಾಡ ತೊಡಿಸಿ, ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಯಂತ್ರದ ಚಿಕಿತ್ಸೆಯನ್ನು ಆಸ್ಟ್ರೇಲಿಯದ ಕಾಲಿನ್ ಸಲಿವನ್ ಎಂಬ ವೈದ್ಯರು 1981ರಲ್ಲಿ ಲೋಕಕ್ಕೆ ತಿಳಿಸಿದರು. ಇದರಿಂದ ಹಗಲಿನ ತೂಕಡಿಕೆ ಕಳೆಯುವುದು, ರಕ್ತದೊತ್ತಡವೂ ತುಸು ಇಳಿಯುವುದು. ಆದರೆ ಯಂತ್ರವನ್ನು ಕೊಂಡ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಮೊದಲೇ ಹೃದ್ರೋಗವೋ ಮೆದುಳಿನ ರಕ್ತನಾಳದ ರೋಗವೋ ಇದ್ದ 2,717 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಯಂತ್ರದಿಂದ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಕಡಿಮೆಯಾದುದು ಕಂಡುಬರಲಿಲ್ಲ. ಅವರು ಅದನ್ನು ಧರಿಸಿದುದು ಸರಾಸರಿ ಇರುಳಿಗೆ 3 ಗಂಟೆ ಚಿಲ್ಲರೆ ಮಾತ್ರ. ಆದುದರಿಂದ ಮೈತೂಕವನ್ನು ಇಳಿಸುವುದು, ಮದ್ಯವನ್ನು ಬಿಡುವುದು, ರಕ್ತದೊತ್ತಡದ ಔಷಧವನ್ನು ತಪ್ಪದೆ ಸೇವಿಸುವುದು, ಇವೂ ಜೊತೆಯಲ್ಲಿಯೇ ನಡೆಯಬೇಕು.

ಈ ರೋಗದ ವಿಚಿತ್ರವೇನೆಂದರೆ, ಮಲಗಿದವನಿಗೆ ಇದರ ಅರಿವೇ ಇರುವುದಿಲ್ಲ. ಬೆಳಗಿನ ತಲೆನೋವು, ಹಗಲಿನ ಜೂಗರಿಕೆ, ಇಷ್ಟೇ ಅವನಿಗೆ ಗೊತ್ತು. ಉಸಿರು ನಿಂತುದನ್ನು ಕತ್ತಲಲ್ಲಿ ಎಣಿಸಿದವಳು ಪಕ್ಕದಲ್ಲಿ ಎಚ್ಚರವಾಗಿದ್ದ ಮನೆಯಾಕೆ. ಹೆಂಗಸರಿಗೂ ಈ ರೋಗವುಂಟು. ಆಗ ಸಾಕ್ಷಿಯಾಗಬೇಕಾದವನು ಗಂಡ. ವೈದ್ಯರಲ್ಲಿಗೆ ಹೋಗುವಾಗ ರೋಗಿಯೊಬ್ಬನೇ ಹೋಗದೆ, ಈ ಸಾಕ್ಷಿಯನ್ನೂ ಕರೆದೊಯ್ಯಬೇಕೆಂಬುದೇ ನಮ್ಮ ವಾಚಕರಲ್ಲಿ ನಮ್ಮ ವಿಜ್ಞಾಪನೆ.