4,500 ಕಿಲೋಮೀಟರ್ ಸಾಲಿನಿಂದ 9 ಮೀಟರ್ ಸಾಲಿಗೆ

ಬಿಡದಿಯ ತಟ್ಟೆ ಇಡ್ಲಿ ಹೋಟೆಲೊಂದರ ಮುಂದೆ ಬೆಳಿಗ್ಗೆ ಏಳಕ್ಕೆ ಒಂದು ಬಿಳಿ ಇನೋವಾ ನಿಂತಿತ್ತು. 2012ರ ಗಾಡಿ. ಚಾಲಕ ಬಾಗಿಲು ತೆರೆದಿಟ್ಟು ಒಳಗಿನ ಧೂಳು ಒರೆಸುತ್ತಿದ್ದ. ಮೀಟರ್ ಮೇಲೆ ಕಣ್ಣು ಬಿತ್ತು: 4,12,000 ಕಿ.ಮೀ.! ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಈ ಗಾಡಿ ಭೂಮಿಗೆ ಹತ್ತು ಪ್ರದಕ್ಷಿಣೆ ಮುಗಿಸಿದೆ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ. ಅಂದರೆ ಚಂದ್ರನನ್ನು ಮುಟ್ಟಿ, ಹಿಂದಿರುಗುವ ದಾರಿಯಲ್ಲಿ 27,600 ಕಿ.ಮೀ. ಬಂದೂ ಆಗಿದೆ. “ಎಂಜಿನ್‌ಗೆ ಇನ್ನೂ ಕೈ ಹಾಕಿಲ್ಲ ಸಾರ್. ಐದೂವರೆ ಲಕ್ಷಕ್ಕೆ ಕೇಳ್ತಾವ್ರೆ, ನಾನೇ ಕೊಟ್ಟಿಲ್ಲ” ಎಂದ ಚಾಲಕ.

ಚಂದ್ರನಿಗೆ ಹೋಗಿ ಬರುತ್ತಿರುವ ಗಾಡಿಗೂ ಐದೂವರೆ ಲಕ್ಷ! ಹಾಗಾದರೆ ಬೆಲೆ ಇಳಿಯದ ಕಾರು ಯಾವುದು? ಅದರಲ್ಲೂ ಮೈ ಜುಮ್ಮೆನ್ನಿಸುವ, ಐಷಾರಾಮಿ ಸ್ಪೋರ್ಟ್ಸ್ ಕಾರುಗಳಲ್ಲಿ? ಉತ್ತರ ಹುಡುಕಲು ಬಿಡದಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಏಕೆಂದರೆ ಲೆಕ್ಕ ಶುರುವಾಗುವುದೇ ಇಲ್ಲಿಂದ.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ಹರವು 432 ಎಕರೆ. ವರ್ಷಕ್ಕೆ 3.42 ಲಕ್ಷ ವಾಹನ ತಯಾರಿಸುವ ಸಾಮರ್ಥ್ಯ. ವರ್ಷದ 365 ದಿನಕ್ಕೂ ಹಂಚಿದರೆ ದಿನಕ್ಕೆ 937. ಹಗಲು ರಾತ್ರಿ ಎನ್ನದೆ, ಒಂದೂವರೆ ನಿಮಿಷಕ್ಕೆ ಒಂದು ಕಾರು! ನೀವು ಒಂದು ತಟ್ಟೆ ಇಡ್ಲಿ ಮುಗಿಸಿ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಹತ್ತು ಕಾರು ಸಿದ್ಧ.

2005ರಲ್ಲಿ ಇನೋವಾ ಬಂತು. ಇಂದಿಗೆ ದೇಶದಲ್ಲಿ 10 ಲಕ್ಷಕ್ಕೂ ಹೆಚ್ಚು ಮಾರಾಟವಾಗಿವೆ. ಒಂದರ ಉದ್ದ ಸುಮಾರು ನಾಲ್ಕೂವರೆ ಮೀಟರ್. 10 ಲಕ್ಷ ಇನೋವಾಗಳನ್ನು ಬಂಪರ್‌ಗೆ ಬಂಪರ್ ತಾಗಿಸಿ ನಿಲ್ಲಿಸಿದರೆ ಸಾಲಿನ ಉದ್ದ 4,500 ಕಿ.ಮೀ. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ದೇಶವನ್ನು ಸೀಳಿಕೊಂಡು ಹೋಗುವ ಹೆದ್ದಾರಿಯೂ ಇಷ್ಟು ಉದ್ದವಿಲ್ಲ! ಈ ಸಾಲನ್ನು ನೆನಪಿಡಿ. ಇನ್ನು ಮುಂದೆ ಸಾಲು ಚಿಕ್ಕದಾಗುತ್ತಾ ಹೋಗುತ್ತದೆ, ಬೆಲೆ ಆಕಾಶಕ್ಕೇರುತ್ತದೆ.

ಟೊಯೊಟಾದ ಐಷಾರಾಮಿ ಶಾಖೆ ಲೆಕ್ಸಸ್. ಅದರ ಇಎಸ್ 300ಎಚ್ ಸೆಡಾನ್ 2020ರಿಂದ ಬಿಡದಿಯಲ್ಲೇ ಜೋಡಣೆಯಾಗತೊಡಗಿತು. ಆಗಿನ ಬೆಲೆ 51.9 ಲಕ್ಷ ರೂಪಾಯಿಯಿಂದ ಶುರು. ಇದೇ ಲೆಕ್ಸಸ್ ಮನೆತನದ ಸ್ಪೋರ್ಟ್ಸ್ ಕಾರು ಎಲ್‌ಎಫ್‌ಎ. ಜಪಾನಿನ ಮೊಟೊಮಾಚಿ ಕಾರ್ಖಾನೆಯಲ್ಲಿ 2010ರ ಡಿಸೆಂಬರ್‌ನಿಂದ 2012ರ ಡಿಸೆಂಬರ್‌ವರೆಗೆ ತಯಾರಾದದ್ದು ಬರೀ 500. ತಿಂಗಳಿಗೆ 20! ಒಂದೊಂದು ಎಂಜಿನ್ನನ್ನೂ ಒಬ್ಬನೇ ಕುಶಲಕರ್ಮಿ ಜೋಡಿಸಿ, ಅದರ ಮೇಲೆ ತನ್ನ ಸಹಿಯ ಫಲಕ ಹಾಕಿದ. ಎರಡು ವರ್ಷದ ಆ ಬೆವರಿನ ಲೆಕ್ಕವನ್ನು ಬಿಡದಿ ತನ್ನ ಪೂರ್ಣ ಸಾಮರ್ಥ್ಯದಲ್ಲಿ 13 ಗಂಟೆಯೊಳಗೆ ಮುಟ್ಟಬಲ್ಲದು.

ಎಲ್‌ಎಫ್‌ಎ ವೇಗ ಕೇಳಿ. 10 ಸಿಲಿಂಡರ್, 552 ಅಶ್ವಶಕ್ತಿ. ಹೋಟೆಲ್ ಮುಂದಿನ ಆ ಇನೋವಾದಂಥ ಐದೂವರೆ ಗಾಡಿಗಳ ಬಲ ಒಂದೇ ಬಾನೆಟ್ ಕೆಳಗೆ! ನಿಂತಲ್ಲೇ ಗುನುಗುವ ಎಂಜಿನ್ ನಿಮಿಷಕ್ಕೆ 9,000 ಸುತ್ತಿಗೆ ಏರಲು ಬೇಕಾದದ್ದು 0.6 ಸೆಕೆಂಡ್. “ಬಿಡದಿ” ಎಂದು ಹೇಳಿ ಮುಗಿಸುವಷ್ಟು ಹೊತ್ತು. ಮುಳ್ಳಿನ ಮೀಟರ್ ಈ ಏರಿಕೆಯ ಜೊತೆ ಓಡಲಾರದೆಂದು ಪರದೆಯ ಮೀಟರನ್ನೇ ಕೂರಿಸಬೇಕಾಯಿತು. ಗರಿಷ್ಠ ವೇಗ ಗಂಟೆಗೆ 325 ಕಿ.ಮೀ., ಅಂದರೆ ಸೆಕೆಂಡಿಗೆ 90 ಮೀಟರ್. ರಾಮನಗರದ ಮಾರುಕಟ್ಟೆಗೆ ಬರುವ ಒಳ್ಳೆಯ ಬಿಳಿ ರೇಷ್ಮೆಗೂಡು ಒಂದನ್ನು ಬಿಚ್ಚಿದರೆ ಸುಮಾರು ಒಂದು ಕಿಲೋಮೀಟರ್ ಎಳೆ ಸಿಗುತ್ತದೆ. ಹುಳು ಎರಡು ಮೂರು ದಿನ ಎಡೆಬಿಡದೆ ನೇಯ್ದ ಆ ಉದ್ದವನ್ನು ಎಲ್‌ಎಫ್‌ಎ 11 ಸೆಕೆಂಡಿನಲ್ಲಿ ದಾಟುತ್ತದೆ!

ಬೆಲೆ? ಹೊಸದರಲ್ಲಿ ಅಮೆರಿಕದಲ್ಲಿ 3.75 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 2 ಕೋಟಿ ರೂಪಾಯಿ. ಇದರ ನ್ಯೂರ್ಬರ್ಗ್‌ರಿಂಗ್ ಆವೃತ್ತಿ ಇನ್ನೂ ಅಪರೂಪ. ಅದು ಹರಾಜಿನಲ್ಲಿ 10 ಲಕ್ಷ ಡಾಲರ್ ಗಡಿ ದಾಟಿ ಹೋಗಿದೆ. 500 ಎಲ್‌ಎಫ್‌ಎಗಳನ್ನೂ ಸಾಲಾಗಿ ನಿಲ್ಲಿಸಿದರೆ ಉದ್ದ ಎರಡೂಕಾಲು ಕಿ.ಮೀ. ಮಾತ್ರ. ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿ ಬೈಪಾಸ್‌ನ ಮೂರನೇ ಒಂದು ಭಾಗವೂ ತುಂಬುವುದಿಲ್ಲ!

ಇನ್ನೂ ಹಿಂದೆ ಹೋಗಿ. 1967ರಿಂದ 1970ರವರೆಗೆ ಟೊಯೊಟಾ, ಯಮಹಾ ಜೊತೆ ಸೇರಿ 2000 ಜಿಟಿ ಎಂಬ ಕಾರು ಮಾಡಿತು. ಒಟ್ಟು ಸುಮಾರು 350. ಸಾಲು ಒಂದೂವರೆ ಕಿ.ಮೀ.ಗೆ ಇಳಿಯಿತು. ಅಮೆರಿಕದಲ್ಲಿ ಅಂದಿನ ಬೆಲೆ ಸುಮಾರು 7,000 ಡಾಲರ್. 2013ರ ಹರಾಜಿನಲ್ಲಿ ಅಂಥದ್ದೊಂದಕ್ಕೆ ಬಂದದ್ದು 11.5 ಲಕ್ಷ ಡಾಲರ್‌ಗೂ ಹೆಚ್ಚು. 160 ಪಟ್ಟು! ಅಜ್ಜ 1 ಲಕ್ಷಕ್ಕೆ ಕೊಂಡದ್ದು ಮೊಮ್ಮಗನ ಕಾಲಕ್ಕೆ 1.6 ಕೋಟಿ ಆದ ಹಾಗೆ.

ಇದೇ ದೊಡ್ಡದು ಎಂದುಕೊಂಡಿರಾ? ಇಟಲಿಗೆ ಬನ್ನಿ. 1962ರಿಂದ 1964ರ ನಡುವೆ ಫೆರಾರಿ ಕಟ್ಟಿದ 250 ಜಿಟಿಒ ಕಾರುಗಳ ಸಂಖ್ಯೆ 36. ಬಿಡದಿಗೆ ಇದು ಒಂದು ಗಂಟೆಯ ಕೆಲಸವೂ ಅಲ್ಲ. ಸಾಲಿನ ಉದ್ದ ಸುಮಾರು 160 ಮೀಟರ್: ದೊಡ್ಡ ಕ್ರಿಕೆಟ್ ಮೈದಾನದ ಒಂದು ಬೌಂಡರಿಯಿಂದ ಇನ್ನೊಂದು ಬೌಂಡರಿ. ಹೊಸದರಲ್ಲಿ ಬೆಲೆ ಸುಮಾರು 18,000 ಡಾಲರ್. 2018ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಒಂದನ್ನು ಹರಾಜು ಹಾಕಿದರು. ಸುತ್ತಿಗೆ ಬಿದ್ದು, ಶುಲ್ಕವೂ ಸೇರಿ ಬಂದ ಮೊತ್ತ 4.84 ಕೋಟಿ ಡಾಲರ್. ಸುಮಾರು 340 ಕೋಟಿ ರೂಪಾಯಿ!

ನಮ್ಮ ಮನೆಗಳಲ್ಲಿ ಬೆಲೆ ಉಳಿಯುವ ವಸ್ತು ಎಂದರೆ ಚಿನ್ನ. ಹಾಗಾದರೆ ಚಿನ್ನದಲ್ಲೇ ಅಳೆಯೋಣ. 1962ರಲ್ಲಿ 18,000 ಡಾಲರ್‌ಗೆ ಅಂದಿನ ದರದಲ್ಲಿ ಸಿಗುತ್ತಿದ್ದ ಚಿನ್ನ 16 ಕೆ.ಜಿ. ಅದನ್ನು ಬೀರುವಿನಲ್ಲಿಟ್ಟಿದ್ದರೆ 2018ರಲ್ಲೂ 16 ಕೆ.ಜಿ.ಯೇ. ಆದರೆ ಅದೇ ಹಣಕ್ಕೆ ಕೊಂಡ ಕಾರನ್ನು 2018ರಲ್ಲಿ ಮಾರಿದವನಿಗೆ ದಕ್ಕಬಹುದಾದ ಚಿನ್ನ ಸುಮಾರು 1,250 ಕೆ.ಜಿ.! ಕಾರಿನ ತೂಕವೇ ಸುಮಾರು 900 ಕೆ.ಜಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಕಾರು, ಇನ್ನೊಂದರಲ್ಲಿ ಅಪ್ಪಟ ಚಿನ್ನ ಇಟ್ಟು ಸಮ ತೂಗಿದ ಮೇಲೂ 350 ಕೆ.ಜಿ. ಚಿನ್ನ ಮಿಗುತ್ತದೆ. ತುಲಾಭಾರಕ್ಕೂ ಮೀರಿದ ತುಲಾಭಾರ.

ಆದ್ದರಿಂದ ಸ್ಪೋರ್ಟ್ಸ್ ಕಾರು ಆರಿಸುವವರು ಗಂಟೆಗೆ ಎಷ್ಟು ಕಿ.ಮೀ. ಎಂದು ಕೇಳುವ ಮೊದಲು ಲೋಕದಲ್ಲಿ ಇಂಥವು ಎಷ್ಟಿವೆ ಎಂದು ಕೇಳಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗದ ಮಿತಿ 100 ಕಿ.ಮೀ. 325 ಓಡಬಲ್ಲ ಕಾರೂ ಇಲ್ಲಿ ತನ್ನ ವೇಗದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೋರುವಂತಿಲ್ಲ. ತೆರಿಗೆಯ ಲೆಕ್ಕವನ್ನೂ ಮರೆಯಬಾರದು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಆಜೀವ ತೆರಿಗೆ ಶೇಕಡ 18. ಕೋಟಿಯ ಕಾರಿಗೆ 18 ಲಕ್ಷ ತೆರಿಗೆಗೇ ಬೇಕು! ಕಾರು ಇಷ್ಟನ್ನೂ ತುಂಬಿಕೊಟ್ಟ ಮೇಲಷ್ಟೇ ಅದು ಬೆಲೆ ಉಳಿಸಿಕೊಂಡಿದೆ ಎನ್ನಬೇಕು.

ಈಗ ಎಲ್ಲಕ್ಕಿಂತ ಚಿಕ್ಕ ಸಾಲು. 1955ರಲ್ಲಿ ಮರ್ಸಿಡಿಸ್-ಬೆಂಜ್ ಕಟ್ಟಿದ 300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆ. ಎಂಜಿನಿಯರ್ ರುಡಾಲ್ಫ್ ಉಲೆನ್‌ಹೌಟ್ ಹೆಸರಿನ ಕಾರು. ಬಿಡದಿಯ ಲೆಕ್ಕದಲ್ಲಿ ಮೂರು ನಿಮಿಷದ ಉತ್ಪಾದನೆ. ಸಾಲಿನ ಉದ್ದ 9 ಮೀಟರ್, ಕ್ರಿಕೆಟ್ ಪಿಚ್‌ನ ಅರ್ಧವೂ ಇಲ್ಲ. 2022ರ ಮೇ 5ರಂದು ಸ್ಟಟ್‌ಗಾರ್ಟ್‌ನ ಮರ್ಸಿಡಿಸ್ ವಸ್ತುಸಂಗ್ರಹಾಲಯದಲ್ಲಿ ಒಂದು ಹರಾಜಾಯಿತು. ಬೆಲೆ 13.5 ಕೋಟಿ ಯೂರೊ. ಸುಮಾರು 1,100 ಕೋಟಿ ರೂಪಾಯಿ!

ಅಂದಿನ ದರದಲ್ಲಿ ಇದು 2,300 ಕೆ.ಜಿ.ಗೂ ಹೆಚ್ಚು ಚಿನ್ನ. ಮೈಸೂರು ದಸರಾದ ಅಂಬಾರಿಯ ತೂಕ 750 ಕೆ.ಜಿ. ಅಷ್ಟೇ ತೂಕದ ಅಪ್ಪಟ ಚಿನ್ನ ಹೊತ್ತ ಒಂದಲ್ಲ, ಎರಡಲ್ಲ, ಮೂರು ಆನೆಗಳು ಸಾಲಾಗಿ ಬರುವುದನ್ನು ಕಣ್ಣಮುಂದೆ ತಂದುಕೊಳ್ಳಿ. ಮೂರು ಅಂಬಾರಿ ಚಿನ್ನಕ್ಕೆ ಒಂದು ಕಾರು!

ಮತ್ತೆ ಬಿಡದಿಗೆ ಬನ್ನಿ. ಇಲ್ಲಿ ಮೂರನೆಯ ಘಟಕ ಕಟ್ಟುವುದಾಗಿ ಟೊಯೊಟಾ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ವೆಚ್ಚ 3,300 ಕೋಟಿ ರೂಪಾಯಿ. ವರ್ಷಕ್ಕೆ 1 ಲಕ್ಷ ಕಾರು. 3,300 ಅಂದರೆ ಮೂರು ಸಲ 1,100. ಉಲೆನ್‌ಹೌಟ್ ಕೂಪೆಯಂಥ ಮೂರು ಕಾರು ಮಾರಿದರೆ ಲಕ್ಷ ಕಾರು ಮಾಡುವ ಒಂದು ಕಾರ್ಖಾನೆಯೇ ಎದ್ದು ನಿಲ್ಲುತ್ತದೆ. ಆದರೆ ಮಾರಲು ಮೂರನೆಯ ಕಾರು ಸಿಗುವುದಿಲ್ಲ. ಇಡೀ ಭೂಮಿಯ ಮೇಲೆ ಇರುವುದು ಎರಡೇ ಎರಡು.